ಕರೆಂಟ್ ಇಲ್ಲದ ಒಂದು ರಾತ್ರಿ

ಜುಲೈ ತಿಂಗಳ ಒಂದು ಶನಿವಾರ. ಬೆಳಗಿನ ಜಾವ ದೊಡ್ಡ ಗಾಳಿ ಬಂತು. ಪಕ್ಕದ ಹಿತ್ತಲಿನ ಹಲಸಿನ ಮರ ಬುಡ ಸಮೇತ ತಂತಿಯ ಮೇಲೆ ಬಿತ್ತು. ಉಡುಪಿ ಹತ್ತಿರದ ಕೊಡವೂರಿನ ನಮ್ಮ ರಸ್ತೆಯಲ್ಲಿ ಎರಡು ಕಂಬ ಮುರಿದಿತ್ತು. ಲೈನ್‌ಮ್ಯಾನ್ ಮಳೆಯಲ್ಲೇ ಬಂದು ನೋಡಿದ. "ಇವತ್ತು ಆಗುವ ಹಾಗೆ ಕಾಣುದಿಲ್ಲ ಅಕ್ಕ, ಸುಮಾರು ಕಡೆ ಹೀಗೇ ಆಗಿದೆ" ಅಂದ. ಮೈಯೆಲ್ಲ ಒದ್ದೆಯಾಗಿತ್ತು ಪಾಪ. ಬಿಸಿ ಚಾ ಕೊಟ್ಟು ಕಳಿಸಿದೆವು.

ಅದಕ್ಕೆ ಮೂರು ವಾರ ಮೊದಲು ನಾನು ಡಾಕ್ಟರ ಹತ್ತಿರ ಹೋಗಿದ್ದೆ. ದಿನಾ ಮಧ್ಯಾಹ್ನ ತಲೆನೋವು, ಎದೆಯುರಿ, ಸಣ್ಣ ಮಾತಿಗೂ ಮಗನ ಮೇಲೆ ರೇಗುವುದು. ಬಿಪಿ 142/92 ಇತ್ತು. ಉಪ್ಪು ಕಡಿಮೆ ಮಾಡಿ, ನಡೆಯಿರಿ, ಆಮೇಲೆ ಮತ್ತೆ ನೋಡುವ ಅಂದರು. ಹೊರಡುವಾಗ ಕೇಳಿದರು, "ರಾತ್ರಿ ಎಷ್ಟು ಗಂಟೆಗೆ ಮಲಗ್ತೀರಿ?"

"ಹನ್ನೊಂದು" ಅಂದೆ. ಸುಳ್ಳು.

ಮಣಿಪಾಲದ ಆಫೀಸಿನಿಂದ ಮನೆಗೆ ಬರುವಾಗ ಏಳು ಗಂಟೆ. ಅಡುಗೆ, ಮಗನ ಓದು, ಪಾತ್ರೆ, ನಾಳೆಯ ತಿಂಡಿಗೆ ಅಕ್ಕಿ ನೆನೆ ಹಾಕುವುದು. ಎಲ್ಲ ಮುಗಿಯುವಾಗ ಹತ್ತೂವರೆ. ಆಮೇಲೆ ಹಾಸಿಗೆಯಲ್ಲಿ ಮಲಗಿ ಮೊಬೈಲ್ ಹಿಡಿದರೆ ಒಂದೂವರೆ. ಇಡೀ ದಿನದಲ್ಲಿ ನನ್ನದು ಅಂತ ಇರುವುದು ಇಷ್ಟೇ ಹೊತ್ತು, ಇದನ್ನೂ ಬಿಡಬೇಕಾ ಅನ್ನಿಸುತ್ತಿತ್ತು. ಮನೆ, ಆಫೀಸು ಎರಡನ್ನೂ ನೋಡಿಕೊಳ್ಳುವ ಹೆಂಗಸರಿಗೆ ಈ ಮಾತು ಗೊತ್ತಾಗುತ್ತದೆ. ಬೆಳಿಗ್ಗೆ ಆರಕ್ಕೆ ಅಲಾರಂ ಹೊಡೆದಾಗ ಮಾತ್ರ ಅಳುವೇ ಬರುತ್ತಿತ್ತು.

ಆ ಶನಿವಾರ ಇನ್ವರ್ಟರ್ ಮಧ್ಯಾಹ್ನಕ್ಕೇ ಕೈಕೊಟ್ಟಿತು. ಮೂರು ಗಂಟೆಗೆ ಮೊಬೈಲ್ ಕೂಡ ಸತ್ತಿತು. ಪಂಪು ಇಲ್ಲ, ನೀರು ಸೇದಬೇಕು. ಮಳೆಗಾಲ ಅಲ್ವಾ, ಬಾವಿ ತುಂಬಿತ್ತು. ನಾಲ್ಕು ಮೊಳ ಹಗ್ಗ ಇಳಿಸಿದರೆ ಕೊಡಪಾನ ನೀರಿಗೆ ತಾಗುತ್ತಿತ್ತು. ನಾನೂ ಮಗನೂ ಸರದಿಯಲ್ಲಿ ಸೇದಿದೆವು. ರಾಟೆಗೆ ಎಣ್ಣೆ ಕಾಣದೆ ವರ್ಷವಾಗಿತ್ತು, ಅದರ ಕಿರಗುಟ್ಟುವ ಸದ್ದು ಕೇಳಿ ಅಮ್ಮ ತೆಂಗಿನೆಣ್ಣೆ ಹಿಡಿದುಕೊಂಡು ಬಂದರು.

ಊಟಕ್ಕೆ ಏನು ಅನ್ನುವುದೂ ಅವರೇ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ಬಂದರಿನಲ್ಲಿ ಎಲ್ಲ ಸಾಲಾಗಿ ನಿಂತಿರುತ್ತವೆ, ಹಸಿ ಮೀನು ಸಿಗುವುದೇ ಕಷ್ಟ. ಅದಕ್ಕೇ ಬೇಸಿಗೆಯಲ್ಲಿ ತಂದಿಟ್ಟ ಒಣ ಸಿಗಡಿಯ ಡಬ್ಬ ಹೊರಗೆ ಬಂತು. ತಲೆ, ಬಾಲ ಚಿವುಟಿ ಕಾವಲಿಯಲ್ಲಿ ಹುರಿದೆವು. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಅಲ್ಲಿವರೆಗೆ. ಮಿಕ್ಸಿ ಇಲ್ಲದೆ ಕಡೆಯುವ ಕಲ್ಲನ್ನು ತಿಕ್ಕಿ ತೊಳೆದು ಕೂತೆ. ಒಣಮೆಣಸು, ಹುಳಿ, ಬೆಳ್ಳುಳ್ಳಿ, ತೆಂಗಿನಕಾಯಿ. "ತುಂಬ ನಯ ಮಾಡ್ಬೇಡ ಮಗಾ, ತರಿತರಿ ಇರ್ಲಿ. ಸಿಗಡಿ ಕೊನೆಗೆ ಹಾಕು" ಅಂತ ಅಮ್ಮ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದರು. ಹತ್ತು ನಿಮಿಷಕ್ಕೆ ತೋಳು ಸೋತಿತು. ಆದರೆ ಕಲ್ಲಿನಿಂದ ಏಳುವ ಆ ಘಮಕ್ಕೆ ಮಗ ತಟ್ಟೆ ಹಿಡಿದು ಬಂದೇ ಬಿಟ್ಟ.

ಏಳೂವರೆಗೆ ಊಟ. ಕಾಲುದೀಪದ ಬೆಳಕಲ್ಲಿ ಕುಚ್ಚಲಕ್ಕಿ ಗಂಜಿ, ಸಿಗಡಿ ಚಟ್ನಿ, ಹಲಸಿನ ಹಪ್ಪಳ. ಅಷ್ಟು ಬೇಗ ಯಾವಾಗ ಊಟ ಮಾಡಿದ್ದೆ ಅಂತ ನೆನಪೇ ಆಗಲಿಲ್ಲ. ಎಂಟೂವರೆಗೆ ಮಾಡಲಿಕ್ಕೆ ಕೆಲಸವೇ ಇರಲಿಲ್ಲ. ಮಗ ಅಜ್ಜಿಯ ತೊಡೆ ಮೇಲೆ ತಲೆ ಇಟ್ಟು, ಅವರು ಚಿಕ್ಕವರಿದ್ದಾಗ ನೆರೆ ಬಂದ ಕಥೆ ಕೇಳುತ್ತಾ ಅಲ್ಲೇ ನಿದ್ದೆ ಹೋದ.

ಒಂಬತ್ತಕ್ಕೆ ನಾನೂ ಮಲಗಿದೆ. ಕೈ ಮಾತ್ರ ಸುಮ್ನೆ ಇರಲಿಲ್ಲ. ಎರಡು ಸಲ ದಿಂಬಿನ ಅಡಿಗೆ ಹೋಯಿತು, ಮೊಬೈಲ್ ಇಲ್ಲ ಅಂತ ಗೊತ್ತಿದ್ದರೂ. ಆಮೇಲೆ ಮಳೆ ನಿಂತಿತು. ಫ್ಯಾನ್ ಇಲ್ಲ, ಫ್ರಿಜ್ ಇಲ್ಲ, ಯಾರ ಮನೆಯ ಟೀವಿಯೂ ಇಲ್ಲ. ಆಗ ಕೇಳಿಸಿತು, ಕಡಲು. ಪಡುವಣದ ಕಡೆಯಿಂದ ಬಿಡುವಿಲ್ಲದ ಮೊರೆತ. ಈ ಮನೆಗೆ ಬಂದು ಹನ್ನೊಂದು ವರ್ಷ. ಇಲ್ಲಿವರೆಗೆ ಕಡಲಿನ ಸದ್ದು ಕೇಳುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅದನ್ನೇ ಕೇಳುತ್ತಾ ಯಾವಾಗ ನಿದ್ದೆ ಬಂತೋ.

ಎಚ್ಚರವಾದಾಗ ಗೋಡೆ ಗಡಿಯಾರದಲ್ಲಿ ಐದೂಕಾಲು. ಅಲಾರಂ ಇಲ್ಲ, ಯಾರೂ ಎಬ್ಬಿಸಲಿಲ್ಲ. ಹಾಸಿಗೆಯಲ್ಲಿ ಕುಳಿತು ಸ್ವಲ್ಪ ಹೊತ್ತು ಕಾದೆ, ಎಂದಿನ ಆ ಭಾರ ತಲೆಗೆ ಬರುತ್ತದಾ ಅಂತ. ಬರಲಿಲ್ಲ. ಎಷ್ಟೋ ದಿನದ ಮೇಲೆ ಮೈ ನನ್ನದೇ ಅನ್ನಿಸಿತು. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂತು. ನನ್ನದು ಅಂತ ಹಿಡಿದಿಟ್ಟುಕೊಂಡಿದ್ದ ಆ ಮೂರು ಗಂಟೆಯನ್ನು ನನ್ನಿಂದಲೇ ಕಿತ್ತುಕೊಂಡಿದ್ದೆ.

ಭಾನುವಾರ ಸಂಜೆ ಕರೆಂಟ್ ಬಂತು. ಆಮೇಲೆ ಈ ವಿಷಯ ಹುಡುಕಿ ಓದಿದೆ. ಕತ್ತಲಾದಾಗ ಮೆದುಳು ನಿದ್ದೆಗೆ ಅಣಿಮಾಡುವ ಮೆಲಟೊನಿನ್ ಅನ್ನುವ ಹಾರ್ಮೋನ್ ಬಿಡುತ್ತದೆ, ಕಣ್ಣಿಗೆ ಬೆಳಕು ಬೀಳುತ್ತಿದ್ದರೆ ಅದು ಹಿಂದೆ ಸರಿಯುತ್ತದೆ. ನಿದ್ದೆ, ಎಚ್ಚರದ ಹೊತ್ತು ನೋಡಿಕೊಳ್ಳುವ ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿದೆ. ನನ್ನನ್ನು ಹೆಚ್ಚು ತಟ್ಟಿದ್ದು ಬೇರೆ. ಒಳ್ಳೆ ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದಂತೆ, ರಕ್ತನಾಳಗಳಿಗೆ ಅದೇ ವಿಶ್ರಾಂತಿ. ದೊಡ್ಡವರಿಗೆ ದಿನಕ್ಕೆ ಕಡಿಮೆಯೆಂದರೂ 7 ಗಂಟೆ ಬೇಕು. ನನಗೆ ಸಿಗುತ್ತಿದ್ದದ್ದು ನಾಲ್ಕೂವರೆ.

ಈಗ ಮೊಬೈಲ್ ಚಾರ್ಜಿಗೆ ಇಡುವುದು ಹೊರಗೆ, ಹಾಲ್‌ನಲ್ಲಿ. ಊಟ ಎಂಟಕ್ಕೆ. ಸಂಜೆ ಆಫೀಸಿನ ಕೊನೆ ಚಾ ಬಿಟ್ಟೆ, ಅದು ಎಲ್ಲಕ್ಕಿಂತ ಕಷ್ಟವಾಯಿತು. ಮನೆಯಲ್ಲಿ ಕುಳಿತು ಮಾತಾಡಿ ಕೆಲಸ ಹಂಚಿಕೊಂಡೆವು. ರಾತ್ರಿ ಪಾತ್ರೆ ನಮ್ಮವರದ್ದು, ಅಕ್ಕಿ ನೆನೆ ಹಾಕುವುದು ಮಗನದ್ದು. ನನ್ನ ಸ್ವಂತದ ಅರ್ಧ ಗಂಟೆ ಈಗ ಊಟದ ಮೊದಲು, ಜಗಲಿಯಲ್ಲಿ. ಇದನ್ನು ಕೇಳಿ ಪಡೆಯಲು ನಾನು ಇಷ್ಟು ವರ್ಷ ಯಾಕೆ ಕಾದೆ ಅಂತ ಬೇಸರವಾಗುತ್ತದೆ.

ಸೆಪ್ಟೆಂಬರಿನಲ್ಲಿ ಡಾಕ್ಟರ ಹತ್ತಿರ ಮತ್ತೆ ಹೋದೆ. ಬಿಪಿ 132/84. ಉಪ್ಪಿನಕಾಯಿ ಕಡಿಮೆ ಮಾಡಿದ್ದೂ ಸೇರಿರಬಹುದು. ಸದ್ಯಕ್ಕೆ ಮಾತ್ರೆ ಬೇಡ ಅಂದರು. ಆಮೇಲೆ ಅದೇ ಪ್ರಶ್ನೆ, "ಎಷ್ಟು ಗಂಟೆಗೆ ಮಲಗ್ತೀರಿ?"

"ಹತ್ತೂಕಾಲು. ಶನಿವಾರ ಹನ್ನೊಂದಾಗುತ್ತದೆ" ಅಂದೆ. ಕಳೆದ ಸಲ ಸುಳ್ಳು ಹೇಳಿದ್ದೆ ಅಂತಲೂ ಹೇಳಿದೆ.