ಮ್ಯಾರಥಾನ್ ಬೆಳಿಗ್ಗೆ ಪರದೆ ಕೆಂಪಾದಾಗ

ಗಾಳಿ ಗುಣಮಟ್ಟವನ್ನು ದೊಡ್ಡ ಪರದೆ ಮೇಲೆ ಲೈವ್ ತೋರಿಸೋಣ ಅಂತ ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಾರಣ ಮಂಗಳೂರಲ್ಲಿ ನಡೆದ ಒಂದು ಮ್ಯಾರಥಾನ್. ಆಯೋಜಕರ ಹೆಸರು ಬೇಡ, ನಮ್ಮ ಕಂಪನಿಯ ಹೆಸರೂ ಬೇಡ.

ನಮ್ಮ ಕೆಲಸ ಸೆನ್ಸರ್ ಕಟ್ಟುವುದು, ಡೇಟಾ ನೋಡುವುದು, ರಿಪೋರ್ಟ್ ಕೊಡುವುದು. ಓಟದ ದಾರಿ ಲಾಲ್‌ಬಾಗ್‌ನಿಂದ ಕೊಟ್ಟಾರ ಚೌಕಿ, ಕೂಳೂರು ಸೇತುವೆ, ಅಲ್ಲಿಂದ ತಣ್ಣೀರುಬಾವಿ ಕಡೆಗೆ. ದಾರಿಯುದ್ದಕ್ಕೂ ಕಂಬಗಳಿಗೆ ಸಣ್ಣ ಪಿಎಂ ಬಾಕ್ಸ್, ಅಂದರೆ ಗಾಳಿಯ ಸೂಕ್ಷ್ಮ ಕಣ ಅಳೆಯುವ ಸೆನ್ಸರ್ ಕಟ್ಟಿದ್ದೆವು. ಪಕ್ಕದಲ್ಲೇ ಹೆದ್ದಾರಿ, ಆಚೆಗೆ ಬಂದರು ಮತ್ತು ಬೈಕಂಪಾಡಿಯ ಕಾರ್ಖಾನೆಗಳು. ಹಾಗಾಗಿ ಎಲ್ಲಾ ಮೀಟಿಂಗ್‌ನಲ್ಲೂ ಮಾತು ಧೂಳಿನದ್ದೇ. ಹವಾಮಾನ ಅಂದರೆ "ಮಳೆ ಬರ್ತದಾ ಇಲ್ವಾ" ಅಷ್ಟೇ. ಓಟದ ದಾರಿಯಲ್ಲಿ ಒಂದು ಸರಿಯಾದ ವೆದರ್ ಸ್ಟೇಷನ್, ಜೊತೆಗೆ ಬಿಸಿಲಿನ ಕಾವು ಅಳೆಯುವ ಕಪ್ಪು ಗೋಳದ ಥರ್ಮಾಮೀಟರ್ ಇಡೋಣ ಅಂತ ಬಜೆಟ್‌ನಲ್ಲಿ ಬರೆದಿದ್ದೆ. ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಆ ದುಡ್ಡು ಎಲ್‌ಇಡಿ ಪರದೆಗೆ ಹೋಯಿತು. ಹಠ ಮಾಡಿ ಕೈಯಲ್ಲಿ ಹಿಡಿಯುವ ಒಂದು ಆರ್‌ಎಚ್ (ಗಾಳಿಯ ಆರ್ದ್ರತೆ) ಮೀಟರ್ ಮಾತ್ರ ಉಳಿಸಿಕೊಂಡೆ.

ಓಟದ ದಿನ ಇನ್ನೂ ಕತ್ತಲು. ಜನ ವಾರ್ಮ್ ಅಪ್ ಮಾಡುತ್ತಿದ್ದರು, ಮೈಕಿನಲ್ಲಿ ಹಾಡು. ಪರದೆಯ ಬಣ್ಣ ಹಳದಿಯಿಂದ ಕೇಸರಿಗೆ ಬಂತು. ಸ್ವಲ್ಪ ಹೊತ್ತಲ್ಲಿ ಪೂರ್ತಿ ಕೆಂಪು. ಭಾರತದ ಗಾಳಿ ಗುಣಮಟ್ಟ ಸೂಚ್ಯಂಕ ಎಕ್ಯೂಐನಲ್ಲಿ ಕೆಂಪು ಅಂದರೆ 'ತುಂಬಾ ಕಳಪೆ'. "ಎಂತ ಮಾರಾಯ್ರೆ ಇದು, ದೆಹಲಿಯ ಹಾಗೆ ತೋರಿಸ್ತಾ ಉಂಟು?" ಅಂತ ಪಕ್ಕದಲ್ಲಿದ್ದವರು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಫೋಟೋ ವಾಟ್ಸಾಪ್ ಗುಂಪುಗಳಿಗೆ ಹೋಗಿ ಆಗಿತ್ತು. ಮಕ್ಕಳನ್ನು ಕರೆದುಕೊಂಡು ಬಂದಿದ್ದ ಒಂದಿಬ್ಬರು ವಾಪಸ್ ಹೊರಟರು.

ಆಯೋಜಕರು ಓಡಿ ಬಂದು ಒಂದೇ ಪ್ರಶ್ನೆ ಕೇಳಿದರು. "ಸರ್, ಓಡಿಸುವುದಾ ಬೇಡವಾ?" ಅದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಯಾವ ಸಂಖ್ಯೆ ದಾಟಿದರೆ ಏನು ಮಾಡಬೇಕು, ಯಾರು ತೀರ್ಮಾನ ತೆಗೆದುಕೊಳ್ಳಬೇಕು ಅಂತ ಒಂದು ಹಾಳೆಯಲ್ಲೂ ಬರೆದಿರಲಿಲ್ಲ. ನಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಪರದೆ ಆಫ್ ಮಾಡಬೇಡಿ, ಅದರಲ್ಲಿ ಸ್ಪಾನ್ಸರ್ ಲೋಗೋ ಇದೆ ಅಂದರು.

ಆ ಹತ್ತು ನಿಮಿಷ ನಾನು ಮಾಡಿದ್ದು ಇಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಬಾಕ್ಸ್‌ಗಳ ಗ್ರಾಫ್ ಗೆರೆ ಒಂದರ ಮೇಲೊಂದು ಹಾಕಿ ನೋಡಿದೆ. ಲಾರಿ ಹೊಗೆಯಾದರೆ ಹೆದ್ದಾರಿ ಪಕ್ಕದ ಬಾಕ್ಸ್ ಮೊದಲು ಏರಬೇಕು, ಅಲ್ವಾ? ಇಲ್ಲಿ ಎಲ್ಲವೂ ಒಟ್ಟಿಗೇ ಏರಿದ್ದವು. ಎಲ್ಲಕ್ಕಿಂತ ಜಾಸ್ತಿ ತೋರಿಸುತ್ತಿದ್ದದ್ದು ತಣ್ಣೀರುಬಾವಿಯದ್ದು. ಗಾಡಿಯೇ ಇಲ್ಲದ ಕಡಲ ಬದಿ. ಕಾರಿನ ಮೇಲೆ ಕೈ ಇಟ್ಟೆ, ಇಬ್ಬನಿಯಿಂದ ಒದ್ದೆ. ಮೀಟರ್‌ನಲ್ಲಿ ಆರ್ದ್ರತೆ 90 ಶೇಕಡಾ ದಾಟಿತ್ತು.

ಈ ಬಾಕ್ಸ್‌ಗಳು ಧೂಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಗಳಿಗೆ ಬಡಿದು ಎಷ್ಟು ಚದುರುತ್ತದೆ ಅಂತ ನೋಡಿ ಲೆಕ್ಕ ಹಾಕುತ್ತವೆ. ನಮ್ಮ ಕಡಲ ಗಾಳಿಯಲ್ಲಿ ಉಪ್ಪಿನ ಕಣ ಇರುತ್ತದೆ. ಆರ್ದ್ರತೆ ಸುಮಾರು 75 ದಾಟಿತು ಅಂದರೆ ಉಪ್ಪು ನೀರು ಹೀರಿ ಕರಗಿ ಹನಿಯಾಗುತ್ತದೆ, ಹನಿ ಉಬ್ಬುತ್ತದೆ, ಬೆಳಕು ಜಾಸ್ತಿ ಚದುರುತ್ತದೆ, ಬಾಕ್ಸ್ ಅದನ್ನು ಧೂಳು ಅಂದುಕೊಳ್ಳುತ್ತದೆ. ಸರ್ಕಾರಿ ಸ್ಟೇಷನ್‌ಗಳಲ್ಲಿ ಧೂಳು ಅಳೆಯುವ ಬ್ಯಾಮ್ ಯಂತ್ರದಲ್ಲಿ ಗಾಳಿ ಒಳಬರುವ ಇನ್ಲೆಟ್‌ಗೆ ಹೀಟರ್ ಇರುತ್ತದೆ. ಗಾಳಿಯನ್ನು ಒಣಗಿಸಿಯೇ ಒಳಗೆ ಬಿಡುತ್ತದೆ. ಪರ್ಪಲ್‌ಏರ್ ಅನ್ನುವ ಇಂಥದ್ದೇ ಸೆನ್ಸರ್‌ಗಳಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮಾಡಿದ ತಿದ್ದುಪಡಿ ಸೂತ್ರದಲ್ಲಿ ಆರ್ದ್ರತೆಯ ಲೆಕ್ಕ ಸೇರಿದೆ. ಆದರೆ ಅದನ್ನು ಹಾಗೇ ಎತ್ತಿ ಇಲ್ಲಿಗೆ ಹಾಕುವಂತಿಲ್ಲ. ನಮ್ಮ ಊರಿನಲ್ಲೇ ಬ್ಯಾಮ್ ಪಕ್ಕ ಬಾಕ್ಸ್ ಇಟ್ಟು ಹೋಲಿಸಿ (ಕೋ-ಲೊಕೇಶನ್) ನಮ್ಮದೇ ಸೂತ್ರ ತಯಾರಿಸಬೇಕು. ಅದಕ್ಕೆ ಟೈಮ್ ಕೊಡಿ ಅಂತ ಕೇಳಿದ್ದೆವು, ಕೊಡಲಿಲ್ಲ. ಇನ್ನೊಂದು ವಿಷಯ. ನಮ್ಮ ದೇಶದ ಎಕ್ಯೂಐನಲ್ಲಿ ಪಿಎಂಗೆ ಬಳಸುವುದು 24 ಗಂಟೆಯ ಸರಾಸರಿ. ಈ ಕ್ಷಣದ ಸಂಖ್ಯೆಗೆ ಎಕ್ಯೂಐ ಬಣ್ಣ ಬಳಿದು ತೋರಿಸುವುದೇ ತಪ್ಪು.

ಮೆಡಿಕಲ್ ಟೆಂಟ್‌ನಿಂದ ಡಾಕ್ಟರ್ ಮೇಡಂ ಬಂದರು. "ಇದು ಧೂಳಾ, ನೀರಾ? ಒಂದೇ ಮಾತಲ್ಲಿ ಹೇಳಿ."

"ಜಾಸ್ತಿ ಪಾಲು ನೀರು, ಮೇಡಂ. ಧೂಳು ಎಷ್ಟು ಅಂತ ಈ ಬಾಕ್ಸ್ ನೋಡಿ ಹೇಳಲಿಕ್ಕೆ ಆಗುವುದಿಲ್ಲ."

"ಹಾಗಾದರೆ ಆ ನೀರಿನ ವಿಷಯವೇ ಹೇಳಿ. ಒಂಬತ್ತು ಗಂಟೆಗೆ ಸೆಕೆ ಎಷ್ಟಿರ್ತದೆ?"

ಅಷ್ಟೂ ತಿಂಗಳ ಮೀಟಿಂಗ್‌ಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕರಾವಳಿಯಲ್ಲಿ ಓಡುವವರನ್ನು ಬೀಳಿಸುವುದು ಸೆಕೆ. ಬೆವರು ಬರುತ್ತದೆ, ಆದರೆ ಆರುವುದಿಲ್ಲ, ಮೈ ತಣಿಯುವುದಿಲ್ಲ. ಅದಕ್ಕೇ ಡಬ್ಲ್ಯುಬಿಜಿಟಿ ಅನ್ನುವ ಸೆಕೆಯ ಲೆಕ್ಕದಲ್ಲಿ ವೆಟ್ ಬಲ್ಬ್‌ಗೆ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್) 0.7 ಪಾಲು, ಬಿಸಿಲು ಹೀರುವ ಕಪ್ಪು ಗೋಳಕ್ಕೆ 0.2, ಮಾಮೂಲಿ ತಾಪಮಾನಕ್ಕೆ ಬರೀ 0.1. ಈ ಲೆಕ್ಕ 28 ಡಿಗ್ರಿ ದಾಟಿದರೆ ದೂರದ ಓಟ ಬೇಡ ಅಂತ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹಿಂದೆಯೇ ಹೇಳಿತ್ತು. 2019ರಲ್ಲಿ ದೋಹಾದಲ್ಲಿ ವಿಶ್ವ ಅಥ್ಲೆಟಿಕ್ಸ್‌ನ ಮಹಿಳಾ ಮ್ಯಾರಥಾನನ್ನು ಮಧ್ಯರಾತ್ರಿಗೆ ಇಟ್ಟರು. ಬಿಸಿಲೇ ಇಲ್ಲ. ಆದರೂ ಓಡಿದ 68 ಜನರಲ್ಲಿ ಮುಗಿಸಿದವರು 40. ಸೆಕೆ ರಾತ್ರಿಯಲ್ಲೂ ಬಿಡುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಸೆಕೆಗೆ ಹೆದರಿಯೇ ದೂರದ ಸಪ್ಪೊರೊಗೆ ಒಯ್ದರು, ಅಲ್ಲಿಯೂ ಮಹಿಳೆಯರ ಓಟವನ್ನು ಹಿಂದಿನ ದಿನ ಒಂದು ಗಂಟೆ ಮುಂಚೆಗೆ ತಂದರು. ಅಂಥ ತೀರ್ಮಾನ ಆಗಬೇಕಾದರೆ ಅಧಿಕಾರ ಯಾರದ್ದು ಅಂತ ಮೊದಲೇ ಗೊತ್ತಿರಬೇಕು.

ನಮ್ಮ ಹತ್ತಿರ ಕಪ್ಪು ಗೋಳ ಇರಲಿಲ್ಲ. ಬಿಸಿಲಿನ ಪಾಲನ್ನು ಅಂದಾಜಿನಲ್ಲೇ ಹಾಕಬೇಕಾಯಿತು. ಬೇಗ ಮುಗಿಸುವವರಿಗೆ ತೊಂದರೆ ಇಲ್ಲ, ಎಂಟೂವರೆ ನಂತರ ಇನ್ನೂ ದಾರಿಯಲ್ಲಿ ಇರುವವರಿಗೆ 28ರ ಹತ್ತಿರ ಹೋಗಬಹುದು ಅಂತ ಹೇಳಿದೆ. ಮೇಡಂ ಮತ್ತೆ ಚರ್ಚೆ ಮಾಡಲಿಲ್ಲ. ಐಸ್ ಮತ್ತು ಓಆರ್‌ಎಸ್ ಕೂಳೂರಿನಿಂದ ಆಚೆಗೆ ಕಳಿಸಿದರು, ಕಟ್-ಆಫ್ ಮುಂಚೆ ತಂದರು, ಹಿಂದೆ ಉಳಿದವರಿಗೆ ಬಸ್ ಬಿಟ್ಟರು. ಓಟ ನಡೆಯಿತು. ಟೆಂಟ್‌ಗೆ ಬಂದವರಲ್ಲಿ ಹೆಚ್ಚಿನವರು ತಲೆ ಸುತ್ತು, ಕಾಲು ಸೆಳೆತ ಅಂತ ಬಂದವರು. ಉಸಿರಾಟದ ತೊಂದರೆ ಅಂತ ಬಂದವರಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ನೋವಾದದ್ದು ಆಮೇಲೆ, ಆಫೀಸಿನಲ್ಲಿ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಎಲ್ಲಾ ಬಾಕ್ಸ್‌ಗಳ ಸಂಖ್ಯೆ ಇಳಿದಿತ್ತು. 'ರಸ್ತೆ ಬಂದ್ ಮಾಡಿದ್ದರಿಂದ ಮಾಲಿನ್ಯ ಇಷ್ಟು ಶೇಕಡಾ ಇಳಿಯಿತು' ಅಂತ ರಿಪೋರ್ಟ್‌ನಲ್ಲಿ ಬರೆದುಕೊಡಿ ಎಂದರು ಆಫೀಸಿನವರು. ನಾನು ಒಪ್ಪಲಿಲ್ಲ. ನಮ್ಮೂರಲ್ಲಿ ಚಳಿಗಾಲದ ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಬರುತ್ತದೆ, ಹೊಗೆ ಕೆಳಗೇ ಕೂತಿರುತ್ತದೆ. ಬಿಸಿಲೇರಿದ ಮೇಲೆ ಇಬ್ಬನಿ ಆರುತ್ತದೆ, ಹೊಗೆ ಮೇಲೆದ್ದು ಚದುರುತ್ತದೆ, ಕಡಲ ಗಾಳಿ ಶುರುವಾಗುತ್ತದೆ. ಹಿಂದಿನ ಭಾನುವಾರಗಳ ಗೆರೆ ತೆಗೆದು ತೋರಿಸಿದೆ. ರಸ್ತೆ ತೆರೆದಿದ್ದ ದಿನಗಳಲ್ಲೂ ಅದೇ ಇಳಿತ.

ಇದು ದೊಡ್ಡ ದೊಡ್ಡವರಿಗೂ ಆದದ್ದೇ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿನಲ್ಲಿ ಗಾಡಿಗಳು ಕಡಿಮೆಯಾದವು, ಗಾಳಿಯಲ್ಲಿ ಓಝೋನ್ ಅನ್ನುವ ಮಾಲಿನ್ಯ ಸುಮಾರು 28 ಶೇಕಡಾ ಇಳಿಯಿತು, ಆಸ್ತಮಾ ಅಂತ ಆಸ್ಪತ್ರೆಗೆ ಬರುವ ಮಕ್ಕಳೂ ಕಡಿಮೆಯಾದರು ಅಂತ 2001ರಲ್ಲಿ ಒಂದು ಅಧ್ಯಯನ ಬಂತು. ಎಲ್ಲೆಡೆ ಅದರ ಉದಾಹರಣೆ ಕೊಟ್ಟರು. 2010ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಒಲಿಂಪಿಕ್ಸ್ ಇಲ್ಲದ ಆಸುಪಾಸಿನ ಊರುಗಳಲ್ಲೂ ಆಗ ಓಝೋನ್ ಇಳಿದಿತ್ತು ಅಂತ ಗೊತ್ತಾಯಿತು. ದೊಡ್ಡ ಪಾಲು ಹವಾಮಾನದ್ದು. 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ದೆಹಲಿಯಲ್ಲಿ ಸಫರ್ ಅನ್ನುವ ಮುನ್ಸೂಚನೆ ಯೋಜನೆ ಶುರು ಮಾಡಿದಾಗ ಗಾಳಿ ಗುಣಮಟ್ಟ ಮತ್ತು ಹವಾಮಾನ ಎರಡನ್ನೂ ಒಂದೇ ವ್ಯವಸ್ಥೆಯಲ್ಲಿ ಇಟ್ಟರು. ಅದು ಸರಿಯಾದ ದಾರಿ. ನಾವು ಒಂದು ಊರಿನ ಓಟಕ್ಕೂ ಅಷ್ಟು ಮಾಡಲಿಲ್ಲ.

ಜಗಳದ ನಂತರ ಶೇಕಡಾ ಲೆಕ್ಕ ತೆಗೆದರು. 'ಮಾಲಿನ್ಯ ಇಳಿಯಿತು' ಅನ್ನುವ ವಾಕ್ಯ ಮಾತ್ರ ಉಳಿಯಿತು. ಆ ಪುಟದಲ್ಲಿ ನನ್ನ ಹೆಸರು ಹಾಕಬೇಡಿ ಅಂದೆ.

ಇಂಥ ಕೆಲಸ ಹಿಡಿಯುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಂದು ಹಾಳೆ ಕೇಳಿ. ಯಾವ ಸಂಖ್ಯೆಗೆ ಯಾವ ಕ್ರಮ, ತೀರ್ಮಾನ ಯಾರದ್ದು ಅಂತ ಅದರಲ್ಲಿ ಇರಲಿ. ಮುಂದಿನ ಓಟದ ಕೊಟೇಶನ್ ಕಳಿಸಿದ್ದೇನೆ. ವೆದರ್ ಸ್ಟೇಷನ್ ಮತ್ತು ಕಪ್ಪು ಗೋಳ ಮೊದಲ ಸಾಲಿನಲ್ಲೇ ಇವೆ. ಪರದೆ ಬೇಕೇ ಬೇಕು ಅಂದರೆ ಅದರಲ್ಲಿ ಓಟಗಾರರ ಟೈಮಿಂಗ್ ತೋರಿಸಲಿ.