ಪ್ಲೆಕೋ ಮರಿ ಬೇಕಾ? ಮೊದ್ಲು ಗಂಡಿಗೊಂದು ಗುಹೆ ಕೊಡಿ

ಅಕ್ವೇರಿಯಂ ಇಟ್ಕೊಂಡಿರೋ ಫ್ರೆಂಡ್ಸ್ ನನ್ನ ಜಾಸ್ತಿ ಕೇಳೋದು ಒಂದೇ ಪ್ರಶ್ನೆ, ನಮ್ಮನೆ ಸಕ್ಕರ್ ಫಿಶ್ (ಪ್ಲೆಕೋ ಅಂದ್ರೂ ಇದೇ) ಇಷ್ಟು ವರ್ಷದಿಂದ ಇದೆ, ಚೆನ್ನಾಗೇ ತಿನ್ನುತ್ತೆ, ಯಾಕೆ ಮರಿ ಮಾಡ್ತಿಲ್ಲ ಅಂತ. ನಾನು ತಿರುಗಿ ಕೇಳೋದೂ ಒಂದೇ, ಅದು ಯಾವ ಸಕ್ಕರ್?

ಯಾಕಂದ್ರೆ ಅಂಗಡೀಲಿ ಟ್ಯಾಂಕ್ ಕ್ಲೀನರ್ ಅಂತ ಕಮ್ಮಿ ದುಡ್ಡಿಗೆ ಕೊಡೋ ಆ ಮಚ್ಚೆ ಮಚ್ಚೆ ಮೀನು ಟೆರಿಗೋಪ್ಲಿಕ್ತಿಸ್ ಜಾತಿದು, ಬೆನ್ನ ಮೇಲೆ ಹಾಯಿ ತರ ದೊಡ್ಡ ರೆಕ್ಕೆ ಇರುತ್ತೆ, ಬೆಳೀತಾ ಬೆಳೀತಾ ಒಂದೂವರೆ ಅಡಿ ಹತ್ರ ಹೋಗುತ್ತೆ. ಅದು ಮರಿ ಮಾಡ್ಬೇಕಂದ್ರೆ ಹೊಳೆ ಕೆರೆ ದಂಡೆಯ ಮಣ್ಣಲ್ಲಿ ಉದ್ದುದ್ದ ಬಿಲ ತೋಡ್ಬೇಕು. ಫಾರ್ಮ್‌ನೋರು ಮಣ್ಣಿನ ಕೊಳದಲ್ಲಿ ಮಾಡಿಸ್ತಾರೆ, ನಮ್ಮ ಹಾಲಲ್ಲಿರೋ ಗಾಜಿನ ಪೆಟ್ಟಿಗೇಲಿ ಅದು ಆಗೋ ಮಾತಲ್ಲ. ದೊಡ್ಡದಾಯ್ತು ಅಂತ ದಯವಿಟ್ಟು ಕೆರೆಗೆ ಮಾತ್ರ ಬಿಡ್ಬೇಡಿ. ಆಂಧ್ರ, ಕೇರಳ, ಕೋಲ್ಕತ್ತಾ ಪೂರ್ವದ ಜೌಗು ಪ್ರದೇಶ ಎಲ್ಲಾ ಕಡೆ ಇದು ಸೇರ್ಕೊಂಡು ಮೀನುಗಾರರ ಬಲೆ ಹರೀತಿದೆ, ಅಲ್ಲಿನ ಮೀನುಗಳ ಊಟಾನೂ ಕಿತ್ಕೊಳ್ತಿದೆ.

ಮನೇಲಿ ಮರಿ ಮಾಡಿಸ್ಬೇಕು ಅಂದ್ರೆ ಬ್ರಿಸಲ್‌ನೋಸ್ ಅನ್ನೋ ಚಿಕ್ಕ ಪ್ಲೆಕೋ ತಗೊಳ್ಳಿ, ಆನ್ಸಿಸ್ಟ್ರಸ್ ಅಂತಾರಲ್ಲ ಅದು. ನಾಲ್ಕೈದು ಇಂಚಿಗೆ ನಿಲ್ಲುತ್ತೆ, ನಮ್ಮ ಕಡೆ ಅಂಗಡಿಗಳಿಗೆ ಹೆಚ್ಚಾಗಿ ಚೆನ್ನೈನ ಕೊಳತ್ತೂರಿಂದ ಬರುತ್ತೆ, ಬ್ರೌನ್, ಅಲ್ಬಿನೋ, ಉದ್ದ ರೆಕ್ಕೆದು ಎಲ್ಲಾ ಸಿಗುತ್ತೆ. ಗಂಡು ಹೆಣ್ಣು ಗುರುತಿಸೋದೂ ಸುಲಭ, ಗಂಡಿಗೆ ಮೂತಿ ತುಂಬಾ ಕವಲೊಡೆದ ಮೀಸೆ ಬರುತ್ತೆ, ಹಣೆ ತನಕ. ಹೆಣ್ಣಿಗೆ ಇರಲ್ಲ, ಇದ್ರೂ ತುಟಿ ಅಂಚಲ್ಲಿ ಸಣ್ಣದಾಗಿ ಒಂದು ಸಾಲು ಅಷ್ಟೇ. ತೀರ ಮರಿ ತಗೊಂಡ್ರೆ ಇದ್ಯಾವುದೂ ಗೊತ್ತಾಗಲ್ಲ, ಅದಕ್ಕೆ ಎರಡೂವರೆ ಇಂಚು ದಾಟಿರೋದನ್ನ ನೋಡಿ ತಗೊಳ್ಳಿ. ಎರಡಡಿ ಟ್ಯಾಂಕಿಗೆ ಒಂದು ಗಂಡು ಎರಡು ಹೆಣ್ಣು ಸಾಕು. ಚಿಕ್ಕ ಜಾಗದಲ್ಲಿ ಎರಡು ಗಂಡು ಹಾಕಿದ್ರೆ ಗುಹೆಗೋಸ್ಕರ ಹೊಡೆದಾಡಿ ಗಾಯ ಮಾಡ್ಕೊಳ್ತವೆ.

ಆ ಮೀಸೆ ಬಗ್ಗೆ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. 1999ರಲ್ಲಿ ಮೂರು ಜನ ಮೀನು ವಿಜ್ಞಾನಿಗಳು ಬರೆದ್ರು, ಗಂಡಿನ ಮೂತಿ ಮೇಲಿನ ಆ ಎಳೆಗಳು ಹೆಣ್ಣಿನ ಕಣ್ಣಿಗೆ ಮರಿಗಳ ಹಾಗೆ ಕಾಣ್ಬಹುದು, ಈ ಗಂಡು ಆಗಲೇ ಮಕ್ಕಳನ್ನ ಸಾಕ್ತಿದ್ದಾನೆ ಅನ್ನೋ ನಂಬಿಕೆ ಹುಟ್ಟಿಸೋಕೇ ಅವು ಬೆಳೆದಿರ್ಬಹುದು ಅಂತ. ಈ ಜಾತೀಲಿ ಮೊಟ್ಟೆ ಮರಿ ನೋಡ್ಕೊಳ್ಳೋದು ಪೂರ್ತಿ ಅಪ್ಪನ ಕೆಲಸ, ಹೆಣ್ಣು ಮೊಟ್ಟೆ ಇಟ್ಟು ಹೊರಟೋಗುತ್ತೆ. ಹಾಗಾಗಿ ಗಂಡಿಗೆ ಏನು ಬೇಕು ಅಂತ ಯೋಚನೆ ಮಾಡಿ. ಜನ ಪಿಎಚ್, ಔಷಧಿ, ದುಬಾರಿ ಫುಡ್ ಅಂತ ತಲೆ ಕೆಡಿಸ್ಕೊಳ್ತಾರೆ, ಗುಹೆ ವಿಷಯ ಯಾರೂ ಸರಿಯಾಗಿ ನೋಡಲ್ಲ.

ಗುಹೆ ಅಂದ್ರೆ ಎಂಥದು? ಹಿಂದೆ ಮುಚ್ಚಿರ್ಬೇಕು, ಒಂದೇ ಬಾಗಿಲು. ಉದ್ದ ಗಂಡಿನ ಮೈಗಿಂತ ಸ್ವಲ್ಪ ಜಾಸ್ತಿ, ಐದಾರು ಇಂಚು. ಅಗಲ ಮಾತ್ರ ಬಿಗಿಯಾಗಿರ್ಬೇಕು, ಗಂಡು ಒಳಗೆ ಹೋಗಿ ಎರಡೂ ಕಡೆ ರೆಕ್ಕೆ ಬಿಚ್ಚಿದ್ರೆ ಗೋಡೆಗೆ ತಾಗ್ಬೇಕು, ಅಂದಾಜು ಎರಡು ಇಂಚು. ತೆಂಗಿನ ಕರಟ ಕವುಚಿ ಹಾಕ್ತಾರೆ, ಅದರಲ್ಲೂ ಮೊಟ್ಟೆ ಇಡಲ್ಲ ಅಂತಲ್ಲ, ಆದ್ರೆ ಒಳಗೆ ಜಾಗ ಜಾಸ್ತಿ ಆಗಿ ಹೆಣ್ಣು ಸುಮ್ನೆ ಬಂದು ಹೋಗುತ್ತೆ, ಗಂಡಿಗೆ ಹಿಡಿತ ಸಿಗಲ್ಲ. ಒಂದು ಕಡೆ ಗೆಣ್ಣು ಬಿಟ್ಟು ಕೊಯ್ದ ದಪ್ಪ ಬಿದಿರು ಚೆನ್ನಾಗಾಗುತ್ತೆ, ಒಂದು ಕಡೆ ಕ್ಯಾಪ್ ಹಾಕಿದ ಪಿವಿಸಿ ಪೈಪೂ ನಡೆಯುತ್ತೆ. ನನಗೆ ಬೆಸ್ಟ್ ಅನ್ಸಿದ್ದು ಮಣ್ಣಿನ ಕೊಳವೆ, ನಮ್ಮ ಬೆಂಗಳೂರಿನ ಪಾಟರಿ ಟೌನಲ್ಲಿ ಅಳತೆ ಹೇಳಿ ಮಾಡಿಸ್ಕೊಂಡಿದ್ದು, ಬಣ್ಣ ಪಾಲಿಶ್ ಏನೂ ಇಲ್ಲದ ಬರೀ ಸುಟ್ಟ ಮಣ್ಣು. ಒಳಗೆ ತರಿ ತರಿ ಇರೋದ್ರಿಂದ ಮೊಟ್ಟೆ ಗೊಂಚಲು ಚೆನ್ನಾಗಿ ಅಂಟ್ಕೊಳ್ಳುತ್ತೆ. ಟ್ಯಾಂಕಲ್ಲಿ ಮೂಲೆಗೆ, ಕಟ್ಟಿಗೆ ನೆರಳಿಗೆ ಇಡಿ, ಬಾಯಿ ನಿಮಗೆ ಓರೆಯಾಗಿ ಕಾಣೋ ಹಾಗೆ. ಗಂಡು ಒಪ್ಕೊಂಡ್ರೆ ಒಳಗೆಲ್ಲಾ ಬಾಯಲ್ಲೇ ಉಜ್ಜಿ ಉಜ್ಜಿ ಕ್ಲೀನ್ ಮಾಡುತ್ತೆ, ಬಾಲ ಮಾತ್ರ ಹೊರಗೆ ಕಾಣ್ತಿರುತ್ತೆ. ಆಮೇಲೆ ಅದನ್ನ ಎತ್ತೋದು, ಜಾಗ ಬದಲಾಯ್ಸೋದು ಮಾಡ್ಲೇಬೇಡಿ.

ಗುಹೆ ಆದ್ಮೇಲೆ ಊಟ. ಸೌತೆಕಾಯಿ, ಜುಕಿನಿ, ಪಾಲಕ್ ಇದನ್ನೆಲ್ಲಾ ಚೆನ್ನಾಗಿ ತೊಳೆದು ಬಿಸಿನೀರಲ್ಲಿ ಎರಡು ನಿಮಿಷ ಅದ್ದಿ ತೆಗೆದು ಹಾಕಿ, ಮಧ್ಯೆ ಮಧ್ಯೆ ಬ್ಲಡ್‌ವರ್ಮ್ ಅಥವಾ ಸೀಗಡಿ ಚೂರು, ಕೆರೆಯೋಕೆ ಒಂದು ತುಂಡು ಡ್ರಿಫ್ಟ್‌ವುಡ್ ಯಾವಾಗ್ಲೂ ಇರ್ಲಿ. ಕೆಲವು ವಾರದಲ್ಲಿ ಹೆಣ್ಣಿನ ಹೊಟ್ಟೆ ಮೇಲಿಂದ ನೋಡಿದ್ರೇ ದುಂಡಗೆ ಕಾಣುತ್ತೆ.

ಆಗ ಮಳೆ ಬರಿಸ್ಬೇಕು. ಈ ಮೀನುಗಳ ಮೂಲ ದಕ್ಷಿಣ ಅಮೆರಿಕದ ಹೊಳೆಗಳು, ಮಳೆಗಾಲದಲ್ಲಿ ಅಲ್ಲಿ ನೀರು ಏರುತ್ತೆ, ತಣ್ಣಗಾಗುತ್ತೆ, ಮೆದುವಾಗುತ್ತೆ, ಹರಿವು ಜೋರಾಗುತ್ತೆ. ಅದನ್ನೇ ಮನೇಲಿ ಮಾಡೋದು. ಹತ್ತು ದಿನ ಟ್ಯಾಂಕ್ ನೀರು ಸ್ವಲ್ಪ ಇಳಿಯೋಕೆ ಬಿಡಿ, ಆಮೇಲೆ ಒಂದು ಸಂಜೆ 40ರಿಂದ 50 ಪರ್ಸೆಂಟ್ ನೀರು ತೆಗೆದು ಮೂರ್ನಾಲ್ಕು ಡಿಗ್ರಿ ತಣ್ಣಗಿರೋ ನೀರು ನಿಧಾನಕ್ಕೆ ತುಂಬಿ, ಏರ್ ಪಂಪ್ ಜೋರು ಮಾಡಿ, ಮಾರನೇ ದಿನ ಸ್ವಲ್ಪ ಕಮ್ಮಿ ಪ್ರಮಾಣದಲ್ಲಿ ಇನ್ನೊಂದ್ಸಲ. ಕಾವೇರಿ ನೀರಾದ್ರೆ ಕ್ಲೋರಿನ್ ತೆಗೆಯೋಕೆ ಹೈಪೋ ಮರೀಬೇಡಿ. ಬೋರ್‌ವೆಲ್ ನೀರು ತುಂಬಾ ಗಡುಸಾಗಿದ್ರೆ ಅರ್ಧ ಆರ್‌ಓ ಬೆರೆಸಿ. ಮಾವಿನ ಮಳೆ ಬೀಳೋ ಏಪ್ರಿಲ್ ಮೇ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದ ಟೈಮ್. ಸೂರಿನ ಧೂಳು ತೊಳೆದು ಹೋಗ್ಲಿ ಅಂತ ಮೊದಲ ಮಳೆ ಬಿಟ್ಟು ಆಮೇಲಿಂದು ಹಿಡಿದಿಟ್ಕೊಳ್ಳಿ, ಆದ್ರೆ ಬರೀ ಮಳೆ ನೀರೇ ತುಂಬ್ಬೇಡಿ, ಅದರಲ್ಲಿ ಖನಿಜ ಇರಲ್ಲ, ಪಿಎಚ್ ಧಡ್ ಅಂತ ಬೀಳುತ್ತೆ. ನನ್ನ ಟ್ಯಾಂಕಲ್ಲಿ ಮೊಟ್ಟೆ ಆಗಿರೋದು ಜಾಸ್ತಿ ಹೊರಗೆ ಮೋಡ ಕಟ್ಟಿ ಗುಡುಗ್ತಿರೋ ದಿನಗಳಲ್ಲೇ.

ಮೊಟ್ಟೆ ಆಗಿದೆ ಅಂತ ಗೊತ್ತಾಗೋದು ಗಂಡು ಊಟಕ್ಕೂ ಹೊರಗೆ ಬರದೆ ಇದ್ದಾಗ. ಮೆಲ್ಲಗೆ ಟಾರ್ಚ್ ಬಿಟ್ಟು ನೋಡಿ, ಹೊಟ್ಟೆ ಕೆಳಗೆ ಕಿತ್ತಳೆ ಬಣ್ಣದ ಗೊಂಚಲು, ಮೂರು ಮಿಲಿಮೀಟರ್ ಹತ್ರದ ಒಂದೊಂದು ಮುತ್ತು, 50ರಿಂದ 100 ಇರ್ಬಹುದು. ಗಂಡು ಅದರ ಮೇಲೆ ಒರಗಿ ಪಕ್ಕದ ರೆಕ್ಕೆ, ಬಾಲ ಎರಡನ್ನೂ ಬೀಸ್ತಾನೇ ಇರುತ್ತೆ, ಹಗಲು ರಾತ್ರಿ, ಆಗಾಗ ನಿಲ್ಸಿ ಮೊಟ್ಟೆಗಳನ್ನ ಬಾಯಲ್ಲಿ ಸವರಿ ಮತ್ತೆ ಬೀಸೋಕೆ ಶುರು. ಹೊಸ ಗಂಡುಗಳು ಕೆಲವು ಸಲ ಗೊಂಚಲನ್ನ ಹೊರಗೆ ದಬ್ಬಿಬಿಡ್ತವೆ, ಆಗ ಅದನ್ನ ಬ್ರೀಡಿಂಗ್ ಬಾಕ್ಸಲ್ಲಿಟ್ಟು ಪಕ್ಕದಲ್ಲಿ ಏರ್ ಸ್ಟೋನ್ ಗುಳ್ಳೆ ಬಿಡಿ, ಬೆಳ್ಳಗಾದ ಮೊಟ್ಟೆ ಕಂಡ ತಕ್ಷಣ ತೆಗೀರಿ, ಇಲ್ಲಾಂದ್ರೆ ಫಂಗಸ್ ಪಕ್ಕದ್ದಕ್ಕೂ ಹಬ್ಬುತ್ತೆ.

26 ಡಿಗ್ರಿ ಆಸುಪಾಸಲ್ಲಿ ಐದಾರು ದಿನಕ್ಕೆ ಒಡೆಯುತ್ತೆ. ಹೊರಗೆ ಬಂದ ಮರಿ ನೋಡೋಕೆ ದೊಡ್ಡ ಹಳದಿ ಚೀಲಕ್ಕೆ ಬಾಲ ಅಂಟ್ಸಿದ ಹಾಗಿರುತ್ತೆ, ಬಾಯಲ್ಲಿ ಗೋಡೆ ಕಚ್ಕೊಂಡು ನೇತಾಡ್ತಿರುತ್ತೆ. ಆ ಚೀಲ ಕರಗೋ ತನಕ, ಅಂದ್ರೆ ಇನ್ನೂ ನಾಲ್ಕೈದು ದಿನ, ಊಟ ಬೇಡ. ಅದಾದ್ಮೇಲೆ ಒಂದು ಹೊತ್ತೂ ಖಾಲಿ ಇರಬಾರದು. ಮರಿ ಸಾಯೋದು ಹೆಚ್ಚಾಗಿ ಹಸಿವಿಂದ, ಇಲ್ಲ ಉಳಿದ ತರಕಾರಿ ಕೊಳೆತು ನೀರು ಕೆಟ್ಟು. ಅದಕ್ಕೆ ಸೌತೆಕಾಯಿ ಹೋಳು ದಿನಾ ಬದಲಾಯ್ಸಿ, ಜೊತೆಗೆ ಸ್ಪಿರುಲಿನಾ ವೇಫರ್ ಚೂರು, ಒಣಗಿದ ಕಾಡು ಬಾದಾಮಿ ಎಲೆ ಒಂದೆರಡು. ದಿನಾ ಸ್ವಲ್ಪ ಸ್ವಲ್ಪ ನೀರು ಚೇಂಜ್, ಸ್ಪಾಂಜ್ ಫಿಲ್ಟರ್ ಮಾತ್ರ. ಗಾಜಿಗೆ ಅಂಟ್ಕೊಂಡಾಗ ಹೊಟ್ಟೆ ನೋಡಿ, ಉಬ್ಬಿದ್ರೆ ಸರಿ, ಒಳಗೆ ಹೋಗಿದ್ರೆ ಊಟ ಸಾಲ್ತಿಲ್ಲ.

ಇದು ಕೈಗೆ ಹತ್ತಿದ್ಮೇಲೆ ತುಂಬಾ ಜನ ಜೀಬ್ರಾ ಪ್ಲೆಕೋ ಕನಸು ಕಾಣ್ತಾರೆ, ಮೀನು ಸಾಕೋರು ಎಲ್ 46 ಅನ್ನೋ ನಂಬರಿಂದ ಕರೆಯೋದು. ಅದು ಬ್ರೆಜಿಲ್‌ನ ಶಿಂಗು ನದಿಯ ಒಂದು ಭಾಗದಲ್ಲಿ ಮಾತ್ರ ಇರೋ ಮೀನು, ಬೆಲೋ ಮೊಂಟೆ ಅಣೆಕಟ್ಟಿಂದ ಆ ಜಾಗಕ್ಕೇ ಪೆಟ್ಟು ಬಿದ್ದಿದೆ. ಅದಕ್ಕೂ ಬಿಗಿಯಾದ ಗುಹೆನೇ ಬೇಕು, ಆದ್ರೆ ನೀರು ಇನ್ನೂ ಬೆಚ್ಚಗೆ, ಊಟ ಹೆಚ್ಚಾಗಿ ಮಾಂಸದ್ದು, ಮೊಟ್ಟೆ ಒಂದು ಸಲಕ್ಕೆ ತೀರ ಕಮ್ಮಿ. ಯಾವತ್ತಾದ್ರೂ ತಗೊಂಡ್ರೆ ಟ್ಯಾಂಕಲ್ಲೇ ಹುಟ್ಟಿದ್ದು ಅಂತ ಖಾತ್ರಿ ಇರೋದನ್ನೇ ತಗೊಳ್ಳಿ.

ಬ್ರಿಸಲ್‌ನೋಸ್ ಒಂದ್ಸಲ ಶುರು ಮಾಡಿದ್ರೆ ತಿಂಗಳು ಒಂದೂವರೆ ತಿಂಗಳಿಗೆ ಮತ್ತೆ ಇಡುತ್ತೆ, ಮರಿ ಎಲ್ಲಿಗೆ ಕೊಡೋದು ಅಂತ ಮೊದ್ಲೇ ಯೋಚನೆ ಮಾಡಿಟ್ಕೊಳ್ಳಿ. ಒಡಹುಟ್ಟಿದವನ್ನೇ ಜೋಡಿ ಮಾಡ್ತಾ ಹೋದ್ರೆ ತಳಿ ಸೊರಗುತ್ತೆ, ಬೇರೆಯವರ ಹತ್ರ ಗಂಡು ಎಕ್ಸ್‌ಚೇಂಜ್ ಮಾಡ್ಕೊಳ್ಳಿ. ನನ್ನ ಹತ್ರ ಈಗ ಬ್ರೌನ್ ಮರಿಗಳಿವೆ, ಒಂದೂವರೆ ಇಂಚು ಆದ್ಮೇಲೆ ಕೊಡ್ತೀನಿ, ದುಡ್ಡು ಬೇಡ, ಟ್ಯಾಂಕ್ ಸೈಕಲ್ ಆಗಿರೋರು, ಅಂದ್ರೆ ಮೀನಿನ ಕೊಳೆ ಅರಗಿಸೋ ಬ್ಯಾಕ್ಟೀರಿಯಾ ಟ್ಯಾಂಕಲ್ಲಿ ಆಗಲೇ ಬೆಳೆದಿರೋರು ಮಾತ್ರ ಕೇಳಿ.