ಎದುರು ಮನೆಯ ಗಿಳಿಹಸಿರು, ನಮ್ಮನೆ ಹಾಲ್

ಕ್ಯಾಲೆಂಡರ್ ತೆಗೆದಾಗಲೇ ಗೋಡೆಯ ಗತಿ ಗೊತ್ತಾಗಿದ್ದು. ಹದಿನೈದು ವರ್ಷದಿಂದ ಅದೇ ಮೊಳೆಗೆ ಕ್ಯಾಲೆಂಡರ್ ನೇತುಹಾಕುತ್ತಿದ್ದ ಜಾಗದಲ್ಲಿ ಒಂದು ಚೌಕ ಮಾತ್ರ ಇನ್ನೂ ಎಳೆ ಹಸಿರಾಗಿತ್ತು. ಉಳಿದದ್ದೆಲ್ಲ ಒಣಗಿದ ಅವರೆಕಾಯಿ ಸಿಪ್ಪೆ. ಮಾವನವರ ಫೋಟೋ ಇಳಿಸಿದರೆ ಅಲ್ಲೊಂದು ಚೌಕ, ಟಿವಿ ಸರಿಸಿದರೆ ಅಲ್ಲೊಂದು ಉದ್ದನೆಯದು. ದೇವರ ಗೂಡಿನ ಮೇಲೆ ದೀಪದ ಮಸಿ ಸೂರಿನ ತನಕ ನಾಲಿಗೆ ಚಾಚಿತ್ತು. ದಿನಾ ನೋಡುವ ಗೋಡೆಯನ್ನು ನಾವು ನೋಡಿಯೇ ಇರಲಿಲ್ಲ.

ಈ ಸಲ ಗೊಂಬೆ ಕೂರಿಸುವಷ್ಟರಲ್ಲಿ ಹಾಲ್‌ಗೆ ಬಣ್ಣ ಹೊಡೆಸಿಬಿಡೋಣ ಅಂತ ತೀರ್ಮಾನವಾಯಿತು. ಮೈಸೂರಿನ ಸರಸ್ವತಿಪುರಂನ ಹಳೇ ಮನೆ ನಮ್ಮದು. ರೆಡ್ ಆಕ್ಸೈಡ್ ನೆಲ, ಸುತ್ತ ಕಪ್ಪು ಅಂಚು. ಹಾಲ್ 12ಕ್ಕೆ 16 ಅಡಿ, ಎತ್ತರ 10. ಕೆಲಸ ನಾಲ್ಕು ದಿನದ್ದು ಅಂದುಕೊಂಡಿದ್ದೆವು. ಬಣ್ಣ ಯಾವುದು ಅಂತ ಮಾತಾಡುವುದರಲ್ಲೇ ಹತ್ತು ದಿನ ಹೋಯಿತು.

ಮಗಳಿಗೆ ಗ್ರೇ ಬೇಕು. ಫೋನಲ್ಲಿ ಇಪ್ಪತ್ತು ಫೋಟೋ ತೆಗೆದಿಟ್ಟುಕೊಂಡಿದ್ದಾಳೆ, ಎಲ್ಲದರಲ್ಲೂ ಬೂದು ಗೋಡೆ, ಬಿಳಿ ಸೋಫಾ, ಒಂದು ಕುಂಡದ ಗಿಡ. ಅತ್ತೆ ಕನ್ನಡಕ ಏರಿಸಿ ನೋಡಿ, "ಇದೇನೇ, ಮನೆಗೆ ಬೂದಿ ಬಳಿಯೋದಾ?" ಅಂದರು. ಅವರಿಗೆ ತಿಳಿ ಹಳದಿಯೇ ಆಗಬೇಕು. ನಮ್ಮನೆಯವರು ಪೇಪರ್‌ನಿಂದ ತಲೆ ಎತ್ತದೆ, "ಸುಮ್ನೆ ಕ್ರೀಮ್ ಹೊಡೆಸಿ ಮುಗಿಸ್ರಿ" ಅಂದರು. ಅವರು ಪ್ಯಾಂಟಿಗೂ ಅದೇ ಬಣ್ಣ ಹೇಳುವವರು, ಹಾಗಾಗಿ ಆ ಮತವನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಪೇಂಟ್ ಅಂಗಡಿಯ ಒಳಗೆ ಹಳೇ ತಗಡಿನ ಬೋರ್ಡೊಂದು ಇನ್ನೂ ಇತ್ತು, ಕೈಯಲ್ಲಿ ಬ್ರಷ್ಷು ಡಬ್ಬ ಹಿಡಿದ, ಹಣೆ ಮೇಲೆ ಕೂದಲು ಬಿದ್ದ ತುಂಟ ಹುಡುಗ. ಏಷ್ಯನ್ ಪೇಂಟ್ಸ್‌ನ ಗಟ್ಟು. 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅಂತ ಹೇಳಿದರೆ ಮಗಳು ನಂಬಲಿಲ್ಲ, ಅಲ್ಲೇ ಫೋನಲ್ಲಿ ಹುಡುಕಿದಳು. ಆಮೇಲೆ ಶೇಡ್ ಕಾರ್ಡ್ ಬಿಚ್ಚಿಟ್ಟರು. ಸಾವಿರಾರು ಬಣ್ಣ, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು, ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಸೀರೆ ಅಂಗಡಿಯಲ್ಲಾದರೆ ಕನಕಾಂಬರ, ಗಿಳಿಹಸಿರು, ಗೋಧಿ ಬಣ್ಣ, ರಾಮಾ ಗ್ರೀನ್ ಅಂದರೆ ಸಾಕು, ಅವರು ಸರಿಯಾಗಿ ಅದನ್ನೇ ಕೆಳಗಿಳಿಸುತ್ತಾರೆ. ಇಲ್ಲಿ ನಾವೇ ಹೆಸರಿಡುತ್ತಾ ಹೋದೆವು. ಕೊನೆಗೆ ಅತ್ತೆ ಬೆರಳಿಟ್ಟಿದ್ದು ಒಂದು ತೆಳು ಹಳದಿಯ ಮೇಲೆ. ನಾನು ಅದಕ್ಕೆ ಹುರಿಗಡಲೆ ಅಂತ ಹೆಸರಿಟ್ಟೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೂರು. ಎಷ್ಟು ಮುದ್ದಾಗಿತ್ತು ಅಂತೀರಿ!

ಆ ಚೂರು ನೋಡಿ ಒಪ್ಪಿಕೊಂಡಿದ್ದೇ ನಮ್ಮ ಮೊದಲ ತಪ್ಪು. ಬ್ಲೌಸ್ ಪೀಸ್ ಮ್ಯಾಚಿಂಗ್ ಮಾಡುವಾಗ ನಾವೆಲ್ಲ ಏನು ಮಾಡುತ್ತೇವೆ? ಅಂಗಡಿಯ ಲೈಟ್ ನಂಬುವುದಿಲ್ಲ, ಸೀರೆ ಸಮೇತ ಬಾಗಿಲ ಹೊರಗೆ ಬಂದು ಬಿಸಿಲಲ್ಲಿ ಹಿಡಿದು ನೋಡುತ್ತೇವೆ. ಎಂಬತ್ತು ಸೆಂಟಿಮೀಟರ್ ಬಟ್ಟೆಗೆ ಅಷ್ಟು ಜಾಗ್ರತೆ. ವರ್ಷಗಟ್ಟಲೆ ಕಣ್ಣೆದುರು ಇರುವ ಗೋಡೆಗೆ ಮಾತ್ರ ಟ್ಯೂಬ್‌ಲೈಟ್ ಕೆಳಗೆ ಎರಡು ನಿಮಿಷ.

ಪೇಂಟಿಂಗ್ ಮೇಸ್ತ್ರಿ ಬಂದವರು ಮೊದಲ ದಿನ ಬಣ್ಣದ ಮಾತೇ ಎತ್ತಲಿಲ್ಲ. ಗೋಡೆಗೆ ಅಂಗೈ ಇಟ್ಟು ನೋಡಿದರು, ಅಲ್ಲಲ್ಲಿ ಗೆಣ್ಣಿನಿಂದ ತಟ್ಟಿದರು. "ಅಕ್ಕಾ, ಈ ಮೂಲೆ ಇನ್ನೂ ತೇವ ಐತೆ. ಮೇಲೆ ಎಷ್ಟು ದುಡ್ಡು ಸುರಿದ್ರೂ ಸಿಪ್ಪೆ ಏಳುತ್ತೆ" ಅಂದರು. ಮಳೆ ಪೈಪ್ ಒಡೆದು ಆ ಗೋಡೆ ನೀರು ಕುಡಿದಿತ್ತು. ಪೈಪ್ ರಿಪೇರಿ ಮಾಡಿಸಿ, ಉಪ್ಪು ಬಿಟ್ಟ ಜಾಗ ಕೆರೆದು, ಎರಡು ವಾರ ಫ್ಯಾನ್ ಹಾಕಿ ಒಣಗಿಸಿದೆವು. ನಿಮ್ಮದೂ ಹಳೇ ಗಾರೆ ಗೋಡೆಯಾದರೆ ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ, ಒಳಗೆ ನೀರಿಟ್ಟುಕೊಂಡು ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಆ ನೀರು ಹೊರಬರಲು ದಾರಿ ಹುಡುಕುತ್ತಾ ಪೇಂಟನ್ನೇ ಉಬ್ಬಿಸಿ ಬೀಳಿಸುತ್ತದೆ.

ಕೆರೆಯುವಾಗ ಮನೆಯ ಇತಿಹಾಸವೇ ಉದುರಿತು. ಹಸಿರಿನ ಕೆಳಗೆ ಒಂದು ಆಕಾಶ ನೀಲಿ, ಅದರ ಕೆಳಗೆ ಪದರ ಪದರ ಬಿಳಿ ಸುಣ್ಣ. ಒಂದು ಚಕ್ಕೆ ಉಗುರಿನಷ್ಟು ದಪ್ಪ ಇತ್ತು, ಅಂಚಿನಲ್ಲಿ ಹಿಡಿದು ನೋಡಿದರೆ ಚಿರೋಟಿ ಪದರದ ಹಾಗೆ ಒಂದೊಂದು ಹಬ್ಬಕ್ಕೆ ಒಂದೊಂದು ಗೆರೆ. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು, ಮದುವೆಯಾಗಿ ಬಂದ ಹೊಸದರಲ್ಲಿ ಸುಣ್ಣಕ್ಕೆ ಅಂಟು ಕಲಸಿ, ಬಟ್ಟೆಗೆ ಹಾಕುವ ನೀಲಿ ಒಂದು ಚಿಟಿಕೆ ಸೇರಿಸಿ ಬಳಿಯುತ್ತಿದ್ದದ್ದು ಹೇಳಿದರು. ಹಸಿಯಾಗಿದ್ದಾಗ ಸುಣ್ಣ ಮಂಕಾಗಿ, ಹಿಂದಿನದೆಲ್ಲ ಕಾಣುವ ಹಾಗೆ ಇರುತ್ತದಂತೆ, ಒಣಗಿದ ಮೇಲೆ ಬೆಳ್ಳಗೆ ಹೊಳೆಯುತ್ತದಂತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮಗೆ ಕೈಕೊಟ್ಟಿದ್ದು.

ಸ್ಯಾಂಪಲ್ ಹಚ್ಚಿ ನೋಡೋಣ ಅಂತ ನಾನು ಹಟ ಹಿಡಿದೆ. ಚಿಕ್ಕ ಡಬ್ಬ ತಂದು, ಪುಟ್ಟಿ ಹಾಕುವ ಮೊದಲೇ, ಕೆರೆಯದೆ ಉಳಿದಿದ್ದ ಹಸಿರು ಗೋಡೆಯ ಮಧ್ಯದಲ್ಲಿ ಒಂದು ಪಟ್ಟಿ ಹಚ್ಚಿದೆ. ಹುರಿಗಡಲೆ ಅಲ್ಲವೇ ಅಲ್ಲ, ಮಗುವಿನ ಕೆನ್ನೆ ಥರ ಗುಲಾಬಿ! ಡಬ್ಬ ಬದಲಾಗಿದೆ ಅಂತ ಅಂಗಡಿಗೆ ಫೋನ್ ಮಾಡುವುದರಲ್ಲಿದ್ದೆ. ಮೇಸ್ತ್ರಿ ಒಂದು ಬಿಳಿ ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಆ ಪಟ್ಟಿಯ ಮೇಲೆ ಹಿಡಿದರು. ಹಸಿರು ಮುಚ್ಚಿಹೋಯಿತು, ಹುರಿಗಡಲೆ ವಾಪಸ್ ಬಂತು.

ಹಸಿರಿನ ಪಕ್ಕ ಇಟ್ಟ ತಿಳಿ ಬಣ್ಣ ಕೆಂಪಿನ ಕಡೆ ವಾಲಿದ ಹಾಗೆ ಕಾಣುತ್ತದೆ, ಅದು ಕಣ್ಣಿನ ಆಟ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೂ ಇಂಥದ್ದೇ ದೂರು ಬಂದಿತ್ತು, ಕಪ್ಪು ನೂಲು ಮಂಕಾಗಿದೆ ಅಂತ. ಪರೀಕ್ಷೆ ಮಾಡಿದರೆ ನೂಲಿನಲ್ಲಿ ಏನೂ ದೋಷವಿಲ್ಲ, ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ಬಣ್ಣಗಳ ಕಿತಾಪತಿ. 1839ರಲ್ಲಿ ಅದರ ಮೇಲೆ ದಪ್ಪ ಪುಸ್ತಕವನ್ನೇ ತಂದ. ನಮ್ಮ ಮೇಸ್ತ್ರಿ ಅವನ ಹೆಸರು ಕೇಳಿಲ್ಲ, ಆದರೆ ಹಳೇ ಬಣ್ಣದ ಮೇಲೆ ಸ್ಯಾಂಪಲ್ ಹಚ್ಚಬಾರದು, ಬಿಳಿ ಪ್ರೈಮರ್ ಆದ ಮೇಲೆ ಹಚ್ಚಬೇಕು ಅನ್ನುವುದು ಅವರಿಗೆ ಕೈಪಾಠ.

ಪುಟ್ಟಿ ಎಳೆದು, ಉಪ್ಪುಕಾಗದ ಉಜ್ಜಿ, ಪ್ರೈಮರ್ ಆಯಿತು. ಮೂರು ದಿನ ಮನೆಯವರೆಲ್ಲ ಹಿಟ್ಟಿನ ಗಿರಣಿಯವರ ಹಾಗಿದ್ದೆವು. ಮತ್ತೆ ಸ್ಯಾಂಪಲ್ ಹಚ್ಚಿ ಒಂದು ದಿನ ಬಿಡಬೇಕಿತ್ತು, ನಮಗೆ ಅಷ್ಟು ತಾಳ್ಮೆ ಎಲ್ಲಿ ಉಳಿದಿತ್ತು? ನವರಾತ್ರಿ ಬೇರೆ ಹತ್ತಿರ ಬರುತ್ತಿತ್ತು. ಬಾಗಿಲು ಕಿಟಕಿ ಬಿಟ್ಟು ಸುಮಾರು 460 ಚದರ ಅಡಿ, ಎರಡು ಕೋಟ್‌ಗೆ 8 ಲೀಟರ್ ಅಂತ ಲೆಕ್ಕ ಹಾಕಿ ಎಮಲ್ಷನ್ ಪೇಂಟ್ ಮಿಕ್ಸ್ ಮಾಡಿಸಿ ತಂದೇಬಿಟ್ಟೆವು. ಮಷೀನಿನಲ್ಲಿ ಬಣ್ಣ ಕಲಸಿದ ಡಬ್ಬ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ, ತಗೊಂಡು ಅವರು ಅದನ್ನು ಯಾರಿಗೆ ಮಾರಬೇಕು?

ಮೊದಲ ಕೋಟ್ ಹೊಡೆಯುವಾಗಲೇ ನನಗೆ ಸ್ವಲ್ಪ ಗಾಢ ಅನ್ನಿಸಿತು. ಅತ್ತೆ ಧೈರ್ಯ ಹೇಳಿದರು. "ಹಸಿ ಇದೆಯಮ್ಮ. ಒಣಗಿದರೆ ತಿಳಿಯಾಗುತ್ತೆ." ಸುಣ್ಣದ ಅನುಭವ ಅದು, ಸುಣ್ಣಕ್ಕೆ ನಿಜವೂ ಹೌದು. ಎಮಲ್ಷನ್ ಮಾತ್ರ ಸಾಮಾನ್ಯವಾಗಿ ಉಲ್ಟಾ. ಒದ್ದೆಯಾಗಿದ್ದಾಗ ಹಾಲು ಬೆರೆಸಿದ ಹಾಗಿದ್ದು, ಒಣಗಿದಂತೆ ಗಾಢವಾಗುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹುರಿಗಡಲೆ ರಾತ್ರಿಯೆಲ್ಲ ಬೆಂದು ಕೇಸರಿಬಾತ್ ಆಗಿತ್ತು. ನಾಲ್ಕು ಗೋಡೆಯೂ ಒಂದರ ಹಳದಿಯನ್ನು ಇನ್ನೊಂದರ ಮೇಲೆ ಎರಚುತ್ತಾ, ಮೂಲೆಗಳಲ್ಲಂತೂ ಕಿತ್ತಳೆಯೇ. ನಮ್ಮನೆಯವರು ಕಾಫಿ ಲೋಟ ಹಿಡಿದು ಬಂದು ಒಂದು ಸುತ್ತು ನೋಡಿ, "ತುಪ್ಪ ಸ್ವಲ್ಪ ಕಮ್ಮಿಯಾಗಿದೆ" ಅಂದರು. ಕ್ರೀಮ್ ಅನ್ನುವ ಶಬ್ದ ಅವರ ಬಾಯಿಂದ ಬರಲಿಲ್ಲ, ಆದರೆ ಮುಖದ ಮೇಲೆ ಬರೆದಿತ್ತು.

ಇನ್ನೊಂದು ಕೋಟ್ ಹೊಡೆಯದೆ ಕೆಲಸ ನಿಲ್ಲಿಸಿ, ಆ ಇಡೀ ದಿನ ನಾನು ಹಾಲ್‌ನಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಇದನ್ನು ಮೊದಲೇ ಮಾಡಬೇಕಿತ್ತು. ಬೆಳಿಗ್ಗೆ ಪೂರ್ವದ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದು, ಆ ಕೆಂಪು ನೆಲದಿಂದ ಗೋಡೆಯ ಕೆಳಗಿನ ಎರಡು ಅಡಿಗೆ ನಸುಗೆಂಪು ಹತ್ತುತ್ತಿತ್ತು. ಮಧ್ಯಾಹ್ನ ಪರವಾಗಿಲ್ಲ. ನಾಲ್ಕು ಗಂಟೆ ಹೊತ್ತಿಗೆ ಪೂರ್ವದ ಗೋಡೆ ಇದ್ದಕ್ಕಿದ್ದ ಹಾಗೆ ಹಸಿರು ಬೆರೆತ ಹಳದಿಗೆ ತಿರುಗಿತು, ಕಾಮಾಲೆ ಬಂದವರ ಹಾಗೆ. ಎಲ್ಲಿಂದ ಬಂತು ಇದು ಅಂತ ತಿರುಗಿ ನೋಡಿದರೆ ಪಶ್ಚಿಮದ ಕಿಟಕಿಯಾಚೆ ಎದುರು ಮನೆ. ಮೂರು ಅಂತಸ್ತು, ಅಪ್ಪಟ ಗಿಳಿಹಸಿರು. ಅವರ ಮನೆಯ ಪಕ್ಕಕ್ಕಿರುವ ಬಿಳಿ ಕಲ್ಯಾಣಮಂಟಪಕ್ಕೆ ಸಂಜೆ ಬಿಸಿಲು ಬಡಿದು, ಅಲ್ಲಿಂದ ಇವರ ಪಕ್ಕದ ಗೋಡೆಗೆ ಬಂದು, ಅಲ್ಲಿಂದ ನಮ್ಮ ಹಾಲ್‌ಗೆ. ನಮ್ಮ ಗೋಡೆಗೆ ಅರ್ಧ ಬಣ್ಣ ಅವರು ಪುಕ್ಕಟೆ ಹೊಡೆಯುತ್ತಿದ್ದರು.

ಇಂಟರ್ನೆಟ್ಟಿನಲ್ಲಿ ಓದಿದ ಸಲಹೆಗಳು ಇಲ್ಲಿ ಉಪಯೋಗಕ್ಕೆ ಬರಲೇ ಇಲ್ಲ. ಉತ್ತರದ ಕಿಟಕಿಯ ಬೆಳಕು ತಣ್ಣಗೆ, ದಕ್ಷಿಣದ್ದು ಬೆಚ್ಚಗೆ ಅಂತೆಲ್ಲ ಬರೆದಿರುತ್ತಾರಲ್ಲ, ಅದು ಲಂಡನ್ ಕಡೆಯವರ ಸೂರ್ಯ. ಮೈಸೂರು ಇರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ನಮ್ಮಲ್ಲಿ ದಿಕ್ಕಿಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಸಜ್ಜಾ ಎಷ್ಟು ಮುಂದೆ ಬಂದಿದೆ, ಹೊರಗೆ ಮಾವಿನ ಮರ ಇದೆಯಾ, ಪಕ್ಕದವರ ಗೋಡೆ ಎಷ್ಟು ಹತ್ತಿರ ಇದೆ ಅನ್ನುವುದು.

ರಾತ್ರಿ ಲೈಟ್ ಹಾಕಿದರೆ ಮೂರನೇ ಅವತಾರ. ನಮ್ಮದು 6500 ಕೆಲ್ವಿನ್‌ನ ಬೆಳ್ಳನೆ ಎಲ್ಇಡಿ ಟ್ಯೂಬ್, ಅದರ ನೀಲಿ ಬೆಳಕಿಗೆ ಹಳದಿ ಸತ್ತ ಹಾಗೆ ಕಾಣುತ್ತಿತ್ತು. ಅದನ್ನು ತೆಗೆದು ಅದಕ್ಕಿಂತ ಬೆಚ್ಚನೆ ಬೆಳಕಿನ 4000ದ್ದು ಹಾಕಿದೆವು. ಪೇಂಟಿಗೆ ಹೋಲಿಸಿದರೆ ಖರ್ಚು ಏನೇನೂ ಅಲ್ಲ. ಬಣ್ಣ ಬದಲಿಸುವ ಮೊದಲು ಬಲ್ಬ್ ಬದಲಿಸಿ ನೋಡಿ ಅಂತ ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಪರಿಹಾರ ಹೇಳಿದ್ದು ಮೇಸ್ತ್ರಿ. "ಬೇರೆ ಶೇಡ್ ಯಾಕೆ ಅಕ್ಕಾ? ಇದೇ ನಂಬರಿಗೆ ಅರ್ಧ ಕಲರ್ ಹಾಕಿಸಿ ತನ್ನಿ." ಬಿಳಿ ಬೇಸ್‌ಗೆ ಮಷೀನು ಹನಿ ಹನಿ ಬಿಡುವ ಬಣ್ಣವನ್ನು ಅರ್ಧಕ್ಕೆ ಇಳಿಸುವುದು, ಅಷ್ಟೇ. ಅಂಗಡಿಯವರು ಯಾವ ತಕರಾರೂ ಇಲ್ಲದೆ ಮಾಡಿಕೊಟ್ಟರು. ಜೊತೆಗೆ ಒಂದು ಹನಿಯಷ್ಟು ಕೆಂಪೂ ಸೇರಿಸಿಸಿದೆ, ಎದುರು ಮನೆ ಹಸಿರಿಗೆ ಉತ್ತರ ಕೊಡಲು. ಈ ಸಲ ರಟ್ಟಿನ ಮೇಲೆ ಎರಡು ಕೋಟ್ ಹೊಡೆದು, ಒಣಗಿಸಿ, ಆ ರಟ್ಟನ್ನು ಬೆಳಿಗ್ಗೆಯಿಂದ ರಾತ್ರಿ ತನಕ ಒಂದೊಂದು ಗೋಡೆಗೆ ಒರಗಿಸುತ್ತಾ ಓಡಾಡಿದೆ. ನಾಲ್ಕು ಗಂಟೆಗೂ ಕಾಮಾಲೆ ಬರಲಿಲ್ಲ. ಡಬ್ಬಗಳೆಲ್ಲ ಒಂದೇ ಬಕೆಟ್ಟಿಗೆ ಸುರಿದು ಕಲಸಿಯೇ ಮೇಸ್ತ್ರಿ ಶುರು ಮಾಡಿದ್ದು. ಎರಡು ಡಬ್ಬಕ್ಕೆ ಕೂದಲೆಳೆ ವ್ಯತ್ಯಾಸ ಇದ್ದರೂ ಗೋಡೆಯ ಮಧ್ಯದಲ್ಲಿ ಗೆರೆ ಕಾಣುತ್ತದಂತೆ. ಮ್ಯಾಟ್ ಫಿನಿಶ್ ಸಾಕು ಅಂದರು, ಹೊಳಪು ಜಾಸ್ತಿ ಆದರೆ ಹಳೇ ಗೋಡೆಯ ಉಬ್ಬು ತಗ್ಗೆಲ್ಲ ಟ್ಯೂಬ್‌ಲೈಟಿಗೆ ಅಲೆ ಅಲೆಯಾಗಿ ಕಾಣುತ್ತದೆ.

ಮಗಳ ಹೈಲೈಟ್ ಗೋಡೆ ಬಾಕಿ ಇತ್ತು. ಗ್ರೇ ಬಿಟ್ಟುಕೊಟ್ಟಿದ್ದಕ್ಕೆ ಪರಿಹಾರವಾಗಿ ಒಂದು ಗೋಡೆ ಅವಳದು. ಟೆಕ್ಸ್ಚರ್ ಮಾತ್ರ ಬೇಡ ಅಂದೆ, ಧೂಳು ಹೊಡೆಯುವವಳು ನಾನು. ಅವಳು ತೋರಿಸಿದ ಗಾಢ ಬಣ್ಣಗಳಲ್ಲಿ ಒಂದನ್ನು ನೋಡಿ ಅತ್ತೆ, "ಇದು ಕೆಮ್ಮಣ್ಣಲ್ವಾ?" ಅಂದರು. ಕೆಮ್ಮಣ್ಣೇ. ಗೊಂಬೆ ಕೂರಿಸುವ ಗೋಡೆಗೆ ಅದನ್ನೇ ಹೊಡೆಸಿದೆವು. ಎರಡೇ ಕೋಟ್‌ಗೆ ಕೂತಿತು. ಕಡು ಹಳದಿಯಾಗಿದ್ದರೆ ಮೂರು ನಾಲ್ಕು ಕೋಟ್ ಕೇಳುತ್ತಿತ್ತಂತೆ. ಕಬ್ಬಿಣದ ಆಕ್ಸೈಡಿನ ಕೆಂಪು ಕೆಳಗಿನದನ್ನು ಚೆನ್ನಾಗಿ ಮುಚ್ಚುತ್ತದೆ, ನಮ್ಮ ನೆಲದ ಕೆಂಪೂ ಅದೇ ತಾನೇ. ನೆಲವೇ ಎದ್ದು ಗೋಡೆ ಹತ್ತಿದ ಹಾಗಿದೆ. ಬಿಳಿ ಬಟ್ಟೆ ಹಾಸಿದ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು ಅಷ್ಟು ಎದ್ದು ಕಂಡಿದ್ದು ಇದೇ ಮೊದಲು, ಗೊಂಬೆ ನೋಡಲು ಬಂದವರೆಲ್ಲ ಗೋಡೆ ಮುಟ್ಟಿ ನೋಡಿ ಬೆರಳಚ್ಚು ಬಿಟ್ಟು ಹೋದರು. ಉಳಿದ ಅರ್ಧ ಲೀಟರನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಶೇಡ್ ನಂಬರ್ ಚೀಟಿ ಅಂಟಿಸಿ ಅಟ್ಟದಲ್ಲಿಟ್ಟಿದ್ದೇನೆ.

ಆ ಕೇಸರಿಬಾತ್ 4 ಲೀಟರ್ ಉಳಿದಿತ್ತಲ್ಲ, ಅದನ್ನು ಅತ್ತೆ ತಮ್ಮ ರೂಮಿಗೆ ಹೊಡೆಸಿಕೊಂಡರು. ಒಂದೇ ಚಿಕ್ಕ ಕಿಟಕಿ, ಅದಕ್ಕೆ ಅಡ್ಡ ಸೀಬೆ ಮರ. ಅಲ್ಲಿ ಅದು ಥೇಟ್ ಹುರಿಗಡಲೆ.

ಈಗ ಹೊಸ ಚಿಂತೆ ಶುರುವಾಗಿದೆ. ನಿನ್ನೆಯಿಂದ ಎದುರು ಮನೆಗೆ ಸಾರುವೆ ಕಟ್ಟುತ್ತಿದ್ದಾರೆ. ಗೇಟಿನ ಹತ್ತಿರ ಇಬ್ಬರು ಶೇಡ್ ಕಾರ್ಡ್ ಹಿಡಿದು ನಿಂತಿದ್ದರು. ನಾನು ತರಕಾರಿ ತರುವ ನೆಪದಲ್ಲಿ ಎರಡು ಸಲ ಆ ಕಡೆಯಿಂದಲೇ ಹಾದು ಬಂದೆ, ಅವರ ಬೆರಳು ಇದ್ದದ್ದು ನೇರಳೆ ಸಾಲಿನ ಮೇಲೆ.